ಹನ್ನೊಂದನೇ ಅಂಗಡಿಯ ಗಾಜಿನ ಪಟ್ಟಿ

ಯಾವ ಸಮ್ಮೇಳನಕ್ಕೆ ಹೋದರೂ ಬಾಗಿಲಲ್ಲಿ ಒಂದು ಮೇಜು ಇದ್ದೇ ಇರುತ್ತದೆ. ಮೇಜಿನ ಮೇಲೊಂದು ಫಾರಂ. ಅದರಲ್ಲಿ ಹೆಸರು, ವಿಳಾಸ, ಸಂಸ್ಥೆ, ಹುದ್ದೆ ಎಂದು ನಾಲ್ಕು ಗೆರೆ. ಹೆಸರು ಎಲ್ಲರಿಗೂ ಇರುತ್ತದೆ, ವಿಳಾಸವೂ ಇರುತ್ತದೆ. ಜಿಪ್ಪು ರಿಪೇರಿಯ ಅಕ್ಕನ ಪೆನ್ಸಿಲು ಒಂಬತ್ತು ವರ್ಷಗಳಿಂದ ತಡೆದು ನಿಲ್ಲುತ್ತಿದ್ದುದು ಮೂರನೆಯ ಗೆರೆಯ ಮೇಲೆ. ಅಲ್ಲಿ ಅವಳು ಒಂದು ಅಡ್ಡಗೀಟು ಹಾಕಿ ಫಾರಂ ತಿರುಗಿಸಿ ಕೊಡುತ್ತಿದ್ದಳು.

"ಇಲ್ಲಿ ಏನಾದ್ರೂ ಬರೀಬೇಕಲ್ಲಮ್ಮ" ಎನ್ನುತ್ತಿದ್ದರು ಮೇಜಿನ ಹಿಂದಿನವರು.

"ಇಲ್ಲದ್ದನ್ನ ಹೇಗೆ ಬರೀಲಿ?"

"ಮತ್ತೆ ಯಾರ ಕಡೆಯಿಂದ ಬಂದಿದ್ದೀರಿ?"

"ನನ್ನ ಕಡೆಯಿಂದಲೇ."

ಇದನ್ನು ಕೇಳಿ ಕೆಲವರು ನಗುತ್ತಿದ್ದರು, ಕೆಲವರು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಾಗಿರುತ್ತಿತ್ತು. ಒಮ್ಮೆ ಕೂತವಳನ್ನು ಎಬ್ಬಿಸುವುದು ಯಾರಪ್ಪನಿಂದಲೂ ಆಗುವ ಕೆಲಸವಾಗಿರಲಿಲ್ಲ.

ಅವಳ ಅಂಗಡಿ ಇದ್ದದ್ದು ಪುರಸಭೆಯ ಹಳೆಯ ಇಟ್ಟಿಗೆ ಕಟ್ಟಡದಲ್ಲಿ. ಒಂದೇ ಜಗಲಿ, ಸಾಲಾಗಿ ಹನ್ನೊಂದು ಅಂಗಡಿ, ನಡುವಿನ ಅಂಗಡಿಗಳ ಮೇಲೆ ಬೀಗ ಹಾಕಿದ ಗೋದಾಮು. ಹನ್ನೊಂದನೆಯದು ಅವಳದು. ಎರಡೂ ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತಿದ್ದವು. ಗೋಡೆಗೆ ಹೊಡೆದ ಮೊಳೆಗಳಲ್ಲಿ ಜಿಪ್ಪಿನ ಸುರುಳಿಗಳು, ಬಿಸ್ಕತ್ತಿನ ಡಬ್ಬಗಳಲ್ಲಿ ಮೂರು, ಐದು, ಎಂಟು, ಹತ್ತನೇ ನಂಬರಿನ, ಜಿಪ್ಪು ಎಳೆಯುವ ರನ್ನರುಗಳು, ಒಂದು ಇಕ್ಕಳ, ಜಿಪ್ಪಿನ ಹಲ್ಲುಗಳಿಗೆ ಉಜ್ಜಲು ಒಂದು ತುಂಡು ಮೇಣದಬತ್ತಿ, ಒಂದು ಹೊಲಿಗೆ ಮಿಷನ್ನು. ಹಿಂದಿನ ಗೋಡೆಗೆ ಒರಗಿಸಿ, ರಿಪೇರಿಗೆ ಬಿಟ್ಟು ಮರೆತುಹೋದ ಸೂಟ್‌ಕೇಸುಗಳ ರಾಶಿ. ಮೂವತ್ತೊಂದು ವರ್ಷ ಅವಳು ಅಲ್ಲೇ ಕೂತು ಊರಿನವರ ಬಾಯಿ ಬಿಟ್ಟ ಚೀಲಗಳ ಬಾಯಿ ಮುಚ್ಚಿಸಿದ್ದಳು. ಮಾತಾಡುವವರ ಬಾಯಿ ಮುಚ್ಚಿಸುವುದು ಮಾತ್ರ ಅವಳಿಂದ ಆಗಿರಲಿಲ್ಲ. ಕಟ್ಟಡದವರೆಲ್ಲ ಸೇರಿ ಅವಳಿಗೆ 'ಸಮ್ಮೇಳನದಕ್ಕ' ಎಂದು ಹೆಸರಿಟ್ಟಿದ್ದರು.

ಈ ಗೀಳು ಹತ್ತಿದ್ದೂ ಜಿಪ್ಪಿನಿಂದಲೇ. ಜೇನು ಸಾಕುವವರ ಸಮ್ಮೇಳನವೊಂದಕ್ಕೆ ಮಾಡಿಸಿದ ಆರುನೂರು ಚೀಲಗಳಿಗೆ ರನ್ನರನ್ನು ತಿರುಗುಮುರುಗು ಹಾಕಿಬಿಟ್ಟಿದ್ದರು. ಒಂದೂ ಮುಚ್ಚುತ್ತಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಸಂಘಟಕರು ಎದ್ದೆನೋ ಬಿದ್ದೆನೋ ಎಂದು ಅವಳ ಅಂಗಡಿಗೆ ಓಡಿ ಬಂದರು. ಅಕ್ಕ ಇಕ್ಕಳ ತೆಗೆದುಕೊಂಡು ಸಭಾಂಗಣದ ಹೊರಗೆ ನೆಲದ ಮೇಲೆ ಕೂತಳು. ಕೊನೆಯ ಇಪ್ಪತ್ತು ಚೀಲ ಮುಗಿಯುವ ಹೊತ್ತಿಗೆ ಮರುದಿನದ ಭಾಷಣ ಶುರುವಾಗಿತ್ತು. ಕೊಡೋಣವೆಂದು ಬಾಗಿಲು ತಳ್ಳಿದರೆ ಇಸಿದುಕೊಳ್ಳುವವರು ಯಾರೂ ಇಲ್ಲ. ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತಳು.

ವೇದಿಕೆಯ ಮೇಲೆ ಒಬ್ಬ ಸಣಕಲ ಮನುಷ್ಯ ಹೇಳುತ್ತಿದ್ದ: ಮರಿ ಜೇನು ಮೊದಲ ಸಲ ಗೂಡಿನಿಂದ ಹೊರಗೆ ಬಂದಾಗ ನೆಟ್ಟಗೆ ಹಾರಿಹೋಗುವುದಿಲ್ಲ. ಹೊರಗೆ ಬಂದು, ತಿರುಗಿ, ಗೂಡಿನ ಬಾಗಿಲಿಗೆ ಮುಖ ಮಾಡಿ ಅಲ್ಲೇ ತೇಲುತ್ತಾ ತನ್ನ ಮನೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಆಮೇಲೆ ದೂರ ಹೋಗುತ್ತದೆ.

ಅಕ್ಕ ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ತಿರುಗಿ ನೋಡಿದಳು. ಇಪ್ಪತ್ತೆರಡು ವರ್ಷ ಅಲ್ಲಿ ದುಡಿದವಳು ತನ್ನ ಅಂಗಡಿಯನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಹತ್ತು ಅಂಗಡಿಗಳ ನೆತ್ತಿ ಒಂದೇ ಗೆರೆಯಲ್ಲಿತ್ತು. ಅವಳದ್ದು ಮಾತ್ರ ಒಂದು ಇಟ್ಟಿಗೆಯಷ್ಟು ಕೆಳಗೆ. ಹನ್ನೊಂದನೆಯದನ್ನು ಯಾರೋ ಆಮೇಲೆ ತಂದು ಕಟ್ಟಡಕ್ಕೆ ಅಂಟಿಸಿದ್ದರು. ಇಷ್ಟು ವರ್ಷ ಇದು ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಮುಂದಿನ ಸಮ್ಮೇಳನಕ್ಕೆ ಹೋದಳು.

ಯಾವುದಕ್ಕೆ ಹೋದಳು ಎಂದು ಕೇಳಬಾರದು, ಯಾವುದನ್ನು ಬಿಟ್ಟಳು ಎಂದು ಕೇಳಬೇಕು. ಹಳೆಯ ಕಾಗದಪತ್ರ ಕಾಯುವವರದು, ನಿದ್ದೆಯ ವೈದ್ಯರದು, ಬಾವಲಿ ಹಿಂದೆ ಬಿದ್ದವರದು, ನಕ್ಷೆ ಬರೆಯುವವರದು, ಒಮ್ಮೆ ಬರೀ ಉಪ್ಪಿನ ಬಗ್ಗೆಯೇ ಎರಡು ದಿನ. ಅರ್ಧಕ್ಕರ್ಧ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅದೂ ಪೆನ್ಸಿಲಿನಲ್ಲಿ. ಹಳೆಯ ಕಾಗದದವರು ಶಾಯಿಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ ಎಂದು ಕೇಳಿದ ದಿನದಿಂದ ಪೆನ್ನನ್ನು ಗಂಡನಿಗೆ ಕೊಟ್ಟುಬಿಟ್ಟಿದ್ದಳು.

ಗಂಡ ನಿವೃತ್ತ ಬಸ್ ಕಂಡಕ್ಟರು. "ಮೂವತ್ತೈದು ವರ್ಷ ಟಿಕೆಟ್ ಹರಿದವನು ನಾನು" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. "ಯಾವ ಸ್ಟಾಪಲ್ಲಿ ಇಳೀಬೇಕು ಅಂತ ಗೊತ್ತಿಲ್ದೆ ಬಸ್ ಹತ್ತೋರನ್ನ ನೋಡೇ ಇರ್ಲಿಲ್ಲ. ಮನೇಲೇ ಒಬ್ಬಳಿದ್ದಾಳೆ ಅಂತ ಈಗ ಗೊತ್ತಾಯ್ತು." ಹೀಗೆ ಹೇಳುತ್ತಲೇ ಅವಳ ಊಟದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೋ ಎಂದು ಒಮ್ಮೆ ಒತ್ತಿ ನೋಡಿ ಕೈಗೆ ಕೊಡುತ್ತಿದ್ದ.

ಕಿವಿ ಕೇಳದ ಮಕ್ಕಳ ಮೇಷ್ಟರುಗಳ ಸಮ್ಮೇಳನದಿಂದ ಅವಳು ಕಲಿತದ್ದು ಒಂದೇ ಮಾತು. ಎದುರಿನವರಿಗೆ ಮುಖ ಕಾಣುವ ಹಾಗೆ ನಿಂತು, ಬಾಯಿಗೆ ಕೈ ಅಡ್ಡ ಇಡದೆ ಮಾತಾಡಿ. ಅಷ್ಟೇ. ಹತ್ತನೇ ಅಂಗಡಿಯ ಗಡಿಯಾರ ರಿಪೇರಿಯವರ ಜೊತೆ ಅವಳಿಗೆ ಹನ್ನೆರಡು ವರ್ಷದಿಂದ ಮಾತು ಬಿಟ್ಟಿತ್ತು. ಕರೆದರೆ ಓ ಎನ್ನುವುದಿಲ್ಲ, ದೊಡ್ಡಸ್ತಿಕೆಯ ಮನುಷ್ಯ ಎಂದು ಅವಳ ಲೆಕ್ಕ. ಸಮ್ಮೇಳನದ ಮರುದಿನ ಹೋಗಿ ಅವರ ಕಣ್ಣೆದುರೇ ನಿಂತು, "ಟೀ ಕುಡೀತೀರಾ?" ಎಂದು ಬಿಡಿಸಿ ಕೇಳಿದಳು. "ಯಾಕಿಲ್ಲ, ತಾಯಿ? ಇಷ್ಟು ವರ್ಷಕ್ಕೆ ಇವತ್ತು ಕೇಳಿದ್ರಲ್ಲ" ಎಂದರು ಅವರು. ಅವರ ಕಿವಿ ಎಂದೋ ಮಂದವಾಗಿತ್ತು. ಹನ್ನೆರಡು ವರ್ಷ ಅವಳು ಜಗಳವಾಡಿದ್ದು ಅವರ ಬೆನ್ನಿನ ಜೊತೆಗೆ. ಅಕ್ಕ ಅವತ್ತೇ ತನ್ನ ಮಿಷನ್ನನ್ನು ತಿರುಗಿಸಿ ಗಿರಾಕಿಗಳಿಗೆ ಮುಖ ಮಾಡಿ ಹಾಕಿಕೊಂಡಳು.

ಅವಳ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿದ್ದು ಹವಾಮಾನ ಬರೆದಿಡುವವರ ಕೂಟ. ಸಂಬಳವಿಲ್ಲದೆ, ಮನೆಯ ಹಿತ್ತಲಲ್ಲಿ ಮಳೆ, ಬಿಸಿಲು, ಗಾಳಿ ಅಳೆದು ದಿನಾ ಬರೆದಿಡುವ ಜನ. ಅವರಲ್ಲಿ ಒಬ್ಬ ಮುದುಕಿ ತನ್ನ ನಲವತ್ತು ವರ್ಷದ ಪುಸ್ತಕ ತೋರಿಸಿದಳು. ಅದರಲ್ಲಿ ಅಲ್ಲಲ್ಲಿ ಖಾಲಿ ಚೌಕಗಳು. "ಜ್ವರ ಬಂದಿತ್ತು, ನೋಡೋಕಾಗಲಿಲ್ಲ, ಖಾಲಿ ಬಿಟ್ಟೆ" ಎಂದಳು. "ಅಂದಾಜಲ್ಲಿ ತುಂಬಿದ್ರೆ ಆ ಒಂದು ಚೌಕ ಅಷ್ಟೇ ಅಲ್ಲ, ನಲವತ್ತು ವರ್ಷವೂ ಸುಳ್ಳಾಗುತ್ತೆ." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಕ್ಕನಿಗೆ ಕಣ್ಣು ಒದ್ದೆಯಾಯಿತು. ಖಾಲಿ ಜಾಗಕ್ಕೆ ಚಪ್ಪಾಳೆ ಸಿಗುವುದನ್ನು ಅವಳು ಎಲ್ಲೂ ನೋಡಿರಲಿಲ್ಲ.

"ಇದರಿಂದ ನಿನಗೇನು ಪ್ರಯೋಜನ?" ಎಂದು ಕೇಳದವರಿಲ್ಲ. ಕೇಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸೀರಿಯಲ್ ನೋಡುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕಟ್ಟೆಯ ಮೇಲೆ ಕೂತು ಕಂಡವರ ಮನೆಯ ವಿಚಾರ ಮಾತಾಡುವವರನ್ನೂ ಕೇಳುವುದಿಲ್ಲ. ಜಿಪ್ಪು ರಿಪೇರಿಯವಳು ಬಾವಲಿಯ ಬಗ್ಗೆ ತಿಳಿದುಕೊಂಡರೆ ಮಾತ್ರ ಜಗತ್ತಿಗೆ ಲೆಕ್ಕ ಒಪ್ಪಿಸಬೇಕು.

ನಾಲ್ಕು ವರ್ಷದ ಹಿಂದೆ ಹಳೆಯ ಸೇತುವೆಗಳ ಸಮ್ಮೇಳನದಲ್ಲಿ ಅವಳು ಮೊದಲ ಸಲ ಕೈ ಎತ್ತಿದಳು. ಮೈಕು ಕೈಗೆ ಬಂತು. "ಮೊದಲು ನಿಮ್ಮ ಸಂಸ್ಥೆ" ಎಂದರು ವೇದಿಕೆಯವರು. "ಜಿಪ್ಪು ರಿಪೇರಿ" ಎಂದಳು. ಸಭೆ ಗೊಳ್ಳೆಂದಿತು, ಮೈಕು ಮುಂದಿನ ಸಾಲಿಗೆ ಹೋಯಿತು. ಅವಮಾನದಿಂದ ಕಿವಿ ಕೆಂಪಗಾದರೂ ಅವಳು ಎದ್ದು ಹೋಗಲಿಲ್ಲ. ಟೀ ಹೊತ್ತಿನಲ್ಲಿ ಸೇತುವೆ ತಪಾಸಣೆಯ ಮುದುಕನೊಬ್ಬನನ್ನು ಹಿಡಿದುಕೊಂಡು ಕೇಳಿದಳು: "ಬಿರುಕು ಬೆಳೀತಿದೆಯಾ, ಇದ್ದಲ್ಲೇ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?"

ಆತ ಜೇಬಿನಿಂದ ಬೆರಳುದ್ದದ ತೆಳು ಗಾಜಿನ ಪಟ್ಟಿ ತೆಗೆದು ಅವಳ ಅಂಗೈ ಮೇಲಿಟ್ಟ. "ಇದನ್ನ ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಹಾಕಿ, ತಾರೀಕು ಬರೀರಿ. ಗೋಡೆ ಕೂದಲಷ್ಟು ಅಲ್ಲಾಡಿದ್ರೂ ಗಾಜು ಒಡೆಯುತ್ತೆ. ಗಾಜಿಗೆ ಸುಳ್ಳು ಹೇಳೋಕೆ ಬರಲ್ಲ, ಅಮ್ಮ."

ಅವಳ ಕಟ್ಟಡದಲ್ಲಿ ಬಿರುಕಿಗೇನು ಬರ? ಅಕ್ಕ ಫೋಟೋ ಕಟ್ಟುವವರ ಹತ್ತಿರ ಗಾಜು ಕತ್ತರಿಸಿಕೊಂಡು ಬಂದು, ಸ್ಟೂಲು ಹತ್ತಿ, ಹದಿಮೂರು ಪಟ್ಟಿಗಳನ್ನು ಜಗಲಿಯುದ್ದಕ್ಕೂ ಬಾಗಿಲುಗಳ ನೆತ್ತಿಯ ಮೇಲೆ, ಹದಿನಾಲ್ಕನೆಯದನ್ನು ತನ್ನ ಅಂಗಡಿಯ ಹಿಂದಿನ ಗೋಡೆಗೆ ಕೂರಿಸಿದಳು. ಪ್ರತಿ ತಿಂಗಳ ಮೊದಲ ದಿನ ಟಾರ್ಚು ಹಿಡಿದು ನೋಡಿ, ಪುಸ್ತಕದಲ್ಲಿ 'ಸರಿ' ಎಂದು ಬರೆಯುತ್ತಿದ್ದಳು. "ಗೋಡೆಗೂ ಜಿಪ್ಪು ಹಾಕ್ತಿದ್ದಾಳೆ" ಎಂದು ಐದನೇ ಅಂಗಡಿಯ ಬೇಕರಿಯವನು ನಗಾಡಿದ. ಮೂರು ವರ್ಷ ಒಂದು ಗಾಜೂ ಒಡೆಯಲಿಲ್ಲ.

ಕಳೆದ ವರ್ಷ ಪುರಸಭೆಯ ಒಂದು ಕೋಣೆಯವರು ಕಟ್ಟಡಕ್ಕೆ ಬಣ್ಣ ಹೊಡೆಯಲು ಜನ ಕಳಿಸಿದರು. ಬಣ್ಣದವನು ಕೆಲಸ ಬಲ್ಲವನು. ಪುಟ್ಟಿ ಸರಿಯಾಗಿ ಕೂರಬೇಕೆಂದು ಒಂದೊಂದು ಬಿರುಕನ್ನೂ ಕೆರೆದು ಬೆರಳಗಲ ಬಾಯಿ ತೆರೆಸಿದ. ಗಾಜಿನ ಪಟ್ಟಿಯ ಹತ್ತಿರ ಬಂದಾಗ ಅಕ್ಕ ಏಣಿಯ ಬುಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅದರ ಸುತ್ತ ಏನು ಬೇಕಾದ್ರೂ ಕೆರ್ಕೊ, ಪಟ್ಟಿ ಮುಟ್ಟಿದ್ಯೋ, ಏಣಿ ಎಳೀತೀನಿ." ಅವನು ಗೊಣಗುತ್ತಾ ಹಾಗೇ ಮಾಡಿದ. ಪುಟ್ಟಿ ತುಂಬಬೇಕೆನ್ನುವಷ್ಟರಲ್ಲಿ ಪುರಸಭೆಯ ಪಕ್ಕದ ಕೋಣೆಯವರು, "ಕಟ್ಟಡದ ತಪಾಸಣೆ ಇದೆ, ಬಣ್ಣ ನಿಲ್ಲಿಸಿ" ಎಂದರು. ಬಣ್ಣದವನು ಏಣಿ ಹೊತ್ತುಕೊಂಡು ಹೋದ. ಅಂಗಡಿಗಳಿಗೆ ರಜೆಯಿದ್ದ ಒಂದು ದಿನ ಅಳತೆಯವರು ಬಂದು, ಕೈಗೆಟುಕುವ ಎತ್ತರದಲ್ಲಿ ಅಳೆದು, ಫೋಟೋ ತೆಗೆದುಕೊಂಡು ಹೋದರು.

ಎರಡು ತಿಂಗಳಿಗೆ ನೋಟೀಸು ಬಂತು. ವರ್ಷದ ಹಿಂದಿನ ತಪಾಸಣೆಯಲ್ಲಿ ಕೂದಲೆಳೆಯಷ್ಟಿದ್ದ ಬಿರುಕುಗಳು ಬೆರಳಗಲವಾಗಿವೆ, ಕಟ್ಟಡ ಅಪಾಯದಲ್ಲಿದೆ. ಹಳೆಯ ಕಟ್ಟಡಗಳ ಸಮ್ಮೇಳನದಲ್ಲಿ ಈ ವರದಿ ಮಂಡನೆಯಾಗುತ್ತದೆ, ಅಲ್ಲಿ ತಜ್ಞರು ಒಪ್ಪಿದರೆ ಮೂರು ತಿಂಗಳೊಳಗೆ ಹನ್ನೊಂದೂ ಅಂಗಡಿ ಖಾಲಿ ಮಾಡಿಸಿ ಕೆಡವಲಾಗುತ್ತದೆ.

ಬೇಕರಿಯವನು ಕೈಚೆಲ್ಲಿ ಕೂತ. ಗಡಿಯಾರದವರು ನೋಟೀಸನ್ನು ಭೂತಕನ್ನಡಿಯಲ್ಲಿ ಮೂರು ಸಲ ಓದಿದರು. ಅಕ್ಕ ಒಂದೇ ಸಲ ಓದಿ, "ಇವರ ಮುಖಕ್ಕಿಷ್ಟು! ಅದು ಬಣ್ಣದವನು ಕೆರೆದದ್ದಲ್ವಾ?" ಎಂದಳು. ಎಲ್ಲರೂ ತಲೆಯೆತ್ತಿ ಅವಳನ್ನು ನೋಡಿದರು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಸಮ್ಮೇಳನದಿಂದ ಏನು ಪ್ರಯೋಜನ ಎಂದು ಯಾರೂ ಕೇಳಲಿಲ್ಲ.

ಅದೇ ಸಾಲಿನ ಜೆರಾಕ್ಸ್ ಅಂಗಡಿಯವನು ಏಣಿ ಹತ್ತಿ ಒಂದೊಂದು ಪಟ್ಟಿಯ ಫೋಟೋ ತೆಗೆದ. ಗಾಜಿನ ಮೇಲೂ ಕೆಳಗೂ ಬೆರಳಗಲದ ಗಾಯ, ಗಾಜಿನ ಅಡಿಯಲ್ಲಿ ಮಾತ್ರ ಅದೇ ಹಳೆಯ ಕೂದಲೆಳೆ. ನೋಡಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಹದಿಮೂರು ಫೋಟೋ ಆಯಿತು. ಸಮ್ಮೇಳನದ ದಿನ ಬೆಳಿಗ್ಗೆ ಅಕ್ಕ ಹದಿನಾಲ್ಕನೆಯದಕ್ಕಾಗಿ ತನ್ನ ಅಂಗಡಿಯ ಸೂಟ್‌ಕೇಸುಗಳ ರಾಶಿ ಸರಿಸಿದಳು.

ಗಾಜು ನಡುವೆ ಒಡೆದಿತ್ತು. ಒಡೆದ ಎರಡು ತುದಿಗಳ ನಡುವೆ ಒಂದು ಅಕ್ಕಿಕಾಳು ಹಿಡಿಯುವಷ್ಟು ಸಂದು.

ಮೂವತ್ತೊಂದು ವರ್ಷ ನಂಬಿ ಕೂತಿದ್ದ ಗೋಡೆ ಅದು. ಪುಸ್ತಕ ತೆಗೆದು ನೋಡಿದಳು. ಸೂಟ್‌ಕೇಸು ಸರಿಸುವ ಸೋಮಾರಿತನಕ್ಕೆ ಆ ಪಟ್ಟಿಯನ್ನು ಎರಡು ತಿಂಗಳು ನೋಡಿರಲಿಲ್ಲ. ಎರಡು ಚೌಕ ಖಾಲಿ ಇದ್ದವು.

ಗಡಿಯಾರದವರು ಬಂದು ಇಣುಕಿದರು. ಅವರ ಹಿಂದೆ ಬೇಕರಿಯವನು.

"ಒಂದು ಗಾಜು, ಚೂರು ಪ್ಲಾಸ್ಟರು" ಎಂದ ಬೇಕರಿಯವನು. "ಐದು ನಿಮಿಷದ ಕೆಲಸ, ಅಕ್ಕ. ಹಳೇ ತಾರೀಕು ಬರೆದುಬಿಡು. ಯಾರಿಗೆ ಗೊತ್ತಾಗುತ್ತೆ?"

"ಗೋಡೆಗೆ ಗೊತ್ತಿದೆಯಲ್ಲ."

"ಗೋಡೆ ಬಂದು ಸಾಕ್ಷಿ ಹೇಳುತ್ತಾ? ಹನ್ನೊಂದು ಮನೆಯ ಅನ್ನದ ಪ್ರಶ್ನೆ ಇದು. ಒಂದು ಒಡೆದಿದೆ ಅಂದ್ರೆ ಸಾಕು, ಹದಿಮೂರನ್ನೂ ನಂಬಲ್ಲ ಅವರು."

ಗಡಿಯಾರದವರು ಅವಳ ಮುಖಕ್ಕೆ ಮುಖ ಕೊಟ್ಟು, ಮೆಲ್ಲಗೆ ಹೇಳಿದರು: "ನಮ್ಮ ಸಲುವಾಗಿ ಅಲ್ಲದಿದ್ರೂ ನಿಮ್ಮ ಸಲುವಾಗಿ, ತಾಯಿ. ಮೊದಲು ಹೋಗೋದು ನಿಮ್ಮ ಅಂಗಡಿನೇ."

ಅಕ್ಕನಿಗೆ ಹೆದರಿಕೆಯಾಗಿತ್ತು. ಹೊಸ ಗಾಜಿನ ಪಟ್ಟಿ ಬಿಸ್ಕತ್ತಿನ ಡಬ್ಬದಲ್ಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಕೈ ಅತ್ತ ಹೋಗಿಯೂ ಹೋಯಿತು. ಆಮೇಲೆ ಅವಳಿಗೆ ತನ್ನ ಕೈಯ ಮೇಲೇ ರೇಗಿತು. ಡಬ್ಬದ ಮುಚ್ಚಳ ಒತ್ತಿ ಹಾಕಿ, ಒಡೆದ ಗಾಜಿನ ಫೋಟೋ ತೆಗೆಸಿ, ಹದಿನಾಲ್ಕು ಫೋಟೋಗಳನ್ನೂ ಪುಸ್ತಕವನ್ನೂ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. "ನಡೀರಿ, ಹೊತ್ತಾಯ್ತು" ಎಂದಳೇ ಹೊರತು ಏನು ಮಾಡುತ್ತೇನೆಂದು ಬಾಯಿ ಬಿಡಲಿಲ್ಲ. ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ ಗಂಡ ಅವಳ ಮುಖ ನೋಡಿ, "ಇವತ್ತು ಯಾವ ಸ್ಟಾಪು ಅಂತ ಗೊತ್ತಿರೋ ಹಾಗಿದೆ" ಎಂದ.

ಸಭಾಂಗಣದಲ್ಲಿ ಕೊನೆಯ ಎರಡು ಸಾಲು ಹನ್ನೊಂದು ಅಂಗಡಿಯವರದೇ. ಅಕ್ಕ ತನ್ನ ಪಕ್ಕದಲ್ಲಿ ಬಣ್ಣದವನನ್ನು ಕೂರಿಸಿಕೊಂಡಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆ ಗಂಡಿನ ಹಾಗೆ ಬೆವರುತ್ತಿದ್ದ. ವೇದಿಕೆಯ ಮೇಲೆ, ಆ ವರದಿ ಬರೆದ ಕಟ್ಟಡಶಾಸ್ತ್ರದ ಪ್ರೊಫೆಸರು ಪರದೆಯಲ್ಲಿ ಎರಡು ಫೋಟೋ ತೋರಿಸಿದರು. ಮೊದಲಿನದು ಕೂದಲೆಳೆ, ಈಗಿನದು ಬೆರಳಗಲ. ಒಂದು ವರ್ಷದಲ್ಲಿ ಇಷ್ಟು ಅಗಲವಾದರೆ ಮುಂದಿನ ವರ್ಷ ಕಟ್ಟಡ ಇರುವುದಿಲ್ಲ ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ಅವರು ನಿಜವಾಗಿ ಜನರ ಜೀವದ ಬಗ್ಗೆ ಯೋಚಿಸುತ್ತಿದ್ದರು. ಅಕ್ಕನಿಗೆ ಅದೇ ಕಷ್ಟವಾಯಿತು. ಕೆಟ್ಟವನಾಗಿದ್ದರೆ ಬೈಯುವುದು ಸುಲಭವಿತ್ತು.

ಪ್ರಶ್ನೆಗಳಿದ್ದರೆ ಕೇಳಿ ಎಂದರು ಸಭಾಧ್ಯಕ್ಷರು. ಅಕ್ಕ ಕೈ ಎತ್ತಲಿಲ್ಲ, ಎದ್ದೇ ನಿಂತಳು. ಮೈಕು ಬಂತು.

"ದಯವಿಟ್ಟು ಮೊದಲು ನಿಮ್ಮ ಸಂಸ್ಥೆ."

"ಹನ್ನೊಂದನೇ ಅಂಗಡಿ."

ಯಾರೋ ನಕ್ಕರು. "ಅದು ಸಂಸ್ಥೆ ಅಲ್ಲಮ್ಮ" ಎಂದರು ಸಭಾಧ್ಯಕ್ಷರು.

"ಪರದೆ ಮೇಲೆ ನೋಡಿ, ಬಲಗಡೆ ಕೊನೇದು. ಕೆಡವೋವಾಗ ಲೆಕ್ಕಕ್ಕೆ ಬರುತ್ತೆ, ಮಾತಾಡೋವಾಗ ಬರಲ್ವಾ?"

ಸಭಾಧ್ಯಕ್ಷರು ಕಣ್ಸನ್ನೆ ಮಾಡಿದರು. ಮೈಕು ಹಿಡಿದಿದ್ದ ಹುಡುಗಿ ಸಂಕೋಚದಿಂದಲೇ ಅದನ್ನು ಹಿಂದಕ್ಕೆ ತೆಗೆದುಕೊಂಡಳು. ತೆಗೆದುಕೊಳ್ಳಲಿ. ಅಕ್ಕ ಸಾಲು ಬಿಟ್ಟು ನಡುವಿನ ದಾರಿಗೆ ಬಂದು, ವೇದಿಕೆಗೆ ಮುಖ ಕಾಣುವ ಹಾಗೆ ನೆಟ್ಟಗೆ ನಿಂತು, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಮುಂದಿನ ಸಾಲಿಗೂ ಕೇಳಿತು.

"ನೀವು ಅಳೆದದ್ದು ಬಿರುಕಲ್ಲ, ಸಾರ್. ಬಣ್ಣದವನ ಕೆಲಸ."

ಬಣ್ಣದವನು ತಡಬಡಿಸಿ ಎದ್ದ. "ಹೌದು ಸಾರ್. ಆ ಬಿರುಕು ನಂದು" ಎಂದ. ಸಭೆ ನಕ್ಕಿತು. ಅವನಿಗೆ ಸಿಟ್ಟು ಬಂದು ಬೆವರು ನಿಂತಿತು. "ನಗೋದಲ್ಲ. ಕೂದಲೆಳೆ ಬಿರುಕಿಗೆ ಪುಟ್ಟಿ ಒಳಗೆ ಇಳಿಯಲ್ಲ, ಮೇಲೇ ಕೂತು ಆರು ತಿಂಗಳಿಗೆ ಉದುರುತ್ತೆ. ಅದಕ್ಕೆ ಮೊದಲು ಕೆರೆದು ಅಗಲ ಮಾಡ್ಬೇಕು. ಬಣ್ಣ ಹೊಡೆಯೋರು ಯಾರನ್ನ ಬೇಕಾದ್ರೂ ಕೇಳಿ. ನಾನು ಕೆರೆದೆ, ಪುಟ್ಟಿ ತುಂಬೋ ಮುಂಚೆ ನಿಲ್ಸಿ ಅಂದ್ರು, ಹೋದೆ."

ಅಕ್ಕ ವೇದಿಕೆಯವರೆಗೆ ನಡೆದು ಹೋಗಿ ಫೋಟೋಗಳನ್ನೂ ಪುಸ್ತಕವನ್ನೂ ಪ್ರೊಫೆಸರ ಕೈಗೆ ಕೊಟ್ಟಳು. ಅವರು ಕನ್ನಡಕ ಮೇಲೆತ್ತಿ ಮೊದಲ ಫೋಟೋ ನೋಡಿದರು, ಎರಡನೆಯದನ್ನು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಅವರ ಮುಖದ ಬಣ್ಣ ಬದಲಾಯಿತು. ಗಾಜಿನ ಪಟ್ಟಿ ಏನೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ಅಳತೆಯವರು ಅದನ್ನು ಅವರಿಗೆ ತೋರಿಸಿರಲಿಲ್ಲ, ಅವರೂ ಕಟ್ಟಡಕ್ಕೆ ಕಾಲಿಟ್ಟಿರಲಿಲ್ಲ.

"ಎಷ್ಟು ಪಟ್ಟಿ ಇದೆ?"

"ಹದಿನಾಲ್ಕು."

"ಹದಿನಾಲ್ಕೂ ಹೀಗೇ ಇದೆಯಾ?"

ಹಿಂದಿನ ಸಾಲಿನಿಂದ ಬೇಕರಿಯವನ ಕೆಮ್ಮು ಕೇಳಿಸಿತು. ಅಕ್ಕ ತಿರುಗಿ ನೋಡಲಿಲ್ಲ.

"ಇಲ್ಲ. ಹದಿಮೂರು ಹೀಗಿದೆ. ಹದಿನಾಲ್ಕನೇದು ಒಡೆದಿದೆ. ನನ್ನ ಅಂಗಡಿ ಹಿಂದಿನ ಗೋಡೆಯದು. ಆ ಅಂಗಡಿ ಆಮೇಲೆ ಅಂಟಿಸಿದ್ದು, ಎದುರಿನಿಂದ ನೋಡಿದ್ರೆ ಗೊತ್ತಾಗುತ್ತೆ. ಒಂದು ಇಟ್ಟಿಗೆ ಕೆಳಗಿದೆ."

"ಯಾವಾಗ ಒಡೀತು?"

"ಗೊತ್ತಿಲ್ಲ. ಎರಡು ತಿಂಗಳು ನಾನು ನೋಡಿಲ್ಲ. ನೋಡದ್ದನ್ನ ಬರೆದಿಲ್ಲ, ಖಾಲಿ ಬಿಟ್ಟಿದ್ದೀನಿ."

ಪ್ರೊಫೆಸರು ಪುಸ್ತಕ ತೆರೆದು ಆ ಪುಟ ಹುಡುಕಿದರು. ಪೆನ್ಸಿಲಿನ 'ಸರಿ'ಗಳ ಸಾಲು, ಕೊನೆಯಲ್ಲಿ ಎರಡು ಖಾಲಿ ಚೌಕ. ಅದರ ಮೇಲೆ ಬೆರಳಿಟ್ಟರು. ಆಮೇಲೆ ಸಭಾಧ್ಯಕ್ಷರ ಕಡೆ ತಿರುಗಿ, ಮೈಕಿನಲ್ಲೇ ಹೇಳಿದರು: "ನನ್ನ ವರದಿ ವಾಪಸ್ ತಗೋತೀನಿ. ನಾನು ಹೋಗಿ ನೋಡಬೇಕಿತ್ತು, ನೋಡಲಿಲ್ಲ." ಅಕ್ಕ ತನ್ನ ಜಾಗಕ್ಕೆ ಹೋದಾಗ ಬೇಕರಿಯವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಪ್ರೊಫೆಸರು ಮರುವಾರವೇ ಬಂದರು. ನಾಲ್ಕು ದಿನ ಏಣಿ ಹತ್ತಿ ಇಳಿದರು. ಹತ್ತು ಅಂಗಡಿಗಳು ಗಟ್ಟಿಮುಟ್ಟಾಗಿವೆ, ಹನ್ನೊಂದನೆಯದು ಕಟ್ಟಡದಿಂದ ಬಿಟ್ಟುಕೊಳ್ಳುತ್ತಿದೆ, ಅದನ್ನು ತೆಗೆಯದಿದ್ದರೆ ಹತ್ತನೆಯದನ್ನೂ ಎಳೆದುಕೊಳ್ಳುತ್ತದೆ ಎಂದು ಬರೆದರು. ಅಕ್ಕ ಓದಿ ತಲೆಯಾಡಿಸಿದಳು. ಮನೆಗೆ ಹೋಗಿ ಗಂಡನ ಮುಂದೆ ಕೂತು ಮನಸಾರೆ ಅತ್ತಳು. ಗಂಡ ಸಮಾಧಾನ ಮಾಡಲು ಹೋಗಲಿಲ್ಲ, ಒಂದು ಲೋಟ ನೀರು ತಂದಿಟ್ಟು ಪಕ್ಕದಲ್ಲಿ ಕೂತ. ಬುದ್ಧಿವಂತ.

ಕೆಡವುವ ದಿನ ಅವಳು ತನ್ನ ಕುರ್ಚಿಯನ್ನು ಎದುರಿನ ಫುಟ್‌ಪಾತಿನಲ್ಲಿ ಹಾಕಿಕೊಂಡು ಕೂತಳು. ಮೊಳೆಗಳ ಗೋಡೆ ಹೋಯಿತು, ಚಾವಣಿ ಹೋಯಿತು. ಅವಳು ಕಣ್ಣು ತೆಗೆಯಲಿಲ್ಲ. ಹಿಂದಿನ ಗೋಡೆಯ ಬುಡ ಅಗೆದಾಗ ಕೆಲಸದವರು ಕೂಗಿಕೊಂಡರು. ಅಕ್ಕ ಟೀ ಲೋಟವನ್ನು ಗಂಡನ ಕೈಗೆ ಕೊಟ್ಟು, ರಸ್ತೆ ದಾಟಿ, ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಬಗ್ಗಿದಳು. ಅಡಿಪಾಯ ಮೊಣಕಾಲುದ್ದವೂ ಇರಲಿಲ್ಲ. ಅದರ ಕೆಳಗೆ, ಒಡೆದ ಚರಂಡಿ ಪೈಪಿನ ನೀರು ಮಣ್ಣನ್ನು ತಿಂದು ತಿಂದು ಒಂದು ಆಳು ಕೂರುವಷ್ಟು ಪೊಳ್ಳಾಗಿತ್ತು. ಅವಳ ಮಿಷನ್ನು ಇದ್ದದ್ದು ಸರಿಯಾಗಿ ಅದರ ಮೇಲೆ.

"ನೀರು ಇಳಿಜಾರಿಗೆ ಹೋಗೋದು ಬಿಟ್ಟು ಗೋಡೆ ಕಡೆಗೆ ಯಾಕೆ ಬಂತು?" ಎಂದು ಕೇಳಿದಳು.

ಗುಂಡಿಯೊಳಗಿದ್ದ ಪ್ರೊಫೆಸರು ತಲೆಯೆತ್ತಿದರು. "ನಿಮಗೆ ಬೇಜಾರಿಲ್ವಾ, ಅಮ್ಮ?"

"ಬೇಜಾರಾಗದೆ ಇರುತ್ತಾ? ಅದು ಬೇರೆ. ನೀರಿನ ವಿಷಯ ಹೇಳಿ."

ಅವರು ಹೇಳಿದರು. ಅರ್ಧ ಗಂಟೆ ಹೇಳಿದರು, ಅವಳು ಪೆನ್ಸಿಲು ತೆಗೆದು ಬರೆದುಕೊಂಡಳು.

ಈಗ ಅವಳ ಮಿಷನ್ನು ಹತ್ತನೇ ಅಂಗಡಿಯಲ್ಲಿದೆ. ಗಡಿಯಾರದವರು ಯಾರೂ ಕೇಳುವ ಮುಂಚೆಯೇ ತಮ್ಮ ಮೇಜನ್ನು ಗೋಡೆಗೆ ಸರಿಸಿ ಅರ್ಧ ಜಾಗ ಬಿಟ್ಟರು. ಇಬ್ಬರೂ ಎದುರುಬದುರು ಕೂತು ಕೆಲಸ ಮಾಡುತ್ತಾರೆ. ಬಿಸ್ಕತ್ತಿನ ಡಬ್ಬಗಳನ್ನಿಡಲು ಜಾಗ ಸಾಲದೆ ದಿನಕ್ಕೆರಡು ಸಲ ಜಗಳವೂ ಆಗುತ್ತದೆ. ಪ್ರತಿ ತಿಂಗಳ ಮೊದಲ ದಿನ ಬೇಕರಿಯವನು ತಾನೇ ಸ್ಟೂಲು ತಂದು ಹಿಡಿಯುತ್ತಾನೆ.

ಮೊನ್ನೆ ಬೀಜ ಕಾಪಾಡುವವರ ಸಮ್ಮೇಳನವಿತ್ತು. ಬಾಗಿಲಲ್ಲಿ ಅದೇ ಮೇಜು, ಅದೇ ನಾಲ್ಕು ಗೆರೆ. ಅಕ್ಕ ಹೆಸರು ಬರೆದಳು, ವಿಳಾಸ ಬರೆದಳು. ಮೂರನೆಯ ಗೆರೆಯಲ್ಲಿ ಪೆನ್ಸಿಲು ತಡೆಯಲಿಲ್ಲ. 'ಹನ್ನೊಂದನೇ ಅಂಗಡಿ' ಎಂದು ಒತ್ತಿ ಬರೆದಳು.

ಮೇಜಿನ ಹಿಂದಿನವರು ಓದಿ, "ಇದೆಲ್ಲಿದೆ?" ಎಂದರು.

"ಈಗ ಇಲ್ಲ."

"ಇಲ್ಲದ್ದನ್ನ ಹೇಗಮ್ಮ ಬರೀತೀರಿ?"

"ಇತ್ತು. ಸುಳ್ಳು ಹೇಳಿದ್ರೆ ಇವತ್ತೂ ಇರ್ತಿತ್ತು. ಬ್ಯಾಡ್ಜಿನ ಮೇಲೆ ದೊಡ್ಡದಾಗಿ ಬರೀರಿ, ವೇದಿಕೆಯವರಿಗೂ ಕಾಣ್ಬೇಕು."

ಬ್ಯಾಡ್ಜು ಕೊರಳಿಗೆ ಹಾಕಿಕೊಂಡು ಅವಳು ಒಳಗೆ ಹೋಗಿ, ಮೊದಲ ಸಾಲಿನಲ್ಲಿ ಕೂತಳು.